ಹತ್ತು ವರ್ಷದ ಮಗಳೊಂದಿಗೆ ಮೊದಲ ಬೇಟೆ: ವಿಸ್ಕಾನ್ಸಿನ್‌ನಲ್ಲಿ ನಾವು ಹಾದುಬಂದ ದಾರಿ

ಜಿಂಕೆ ಮಾಂಸದ ಪರೀಕ್ಷಾ ವರದಿ ಕಳೆದ ವಾರ ಕೈಸೇರಿತು. ವಸಂತದ ಆರಂಭದಲ್ಲಿ ಮಗಳು ಕೇಳಿದ ಒಂದು ಪ್ರಶ್ನೆಯಿಂದ ಶುರುವಾದ ಕೆಲಸ ಅಲ್ಲಿಗೆ ಮುಗಿದಂತಾಯಿತು. ಈ ತಿಂಗಳುಗಳಲ್ಲಿ ನನಗೆ ಬೇಕಾದ ಮಾಹಿತಿ ಹತ್ತು ಕಡೆ ಚದುರಿಹೋಗಿತ್ತು. ಅದರಲ್ಲೂ ವೀಸಾದ ಮೇಲೆ ಇಲ್ಲಿ ಅಮೆರಿಕದಲ್ಲಿರುವ ನಮ್ಮಂಥವರು ಏನನ್ನು ಮೊದಲು ಮಾಡಬೇಕು, ಏನನ್ನು ಆಮೇಲೆ ಮಾಡಬೇಕು ಎಂಬುದು ಎಲ್ಲೂ ಒಟ್ಟಿಗೆ ಸಿಗಲಿಲ್ಲ. ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿರುವ ತಂದೆ ತಾಯಂದಿರಿಗೆ ಅನುಕೂಲವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮೂರು ಮಡಿಕೇರಿ ತಾಲ್ಲೂಕಿನಲ್ಲಿದೆ. ಜಮ್ಮಾ ಹಿಡುವಳಿಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿಯ) ಕುಟುಂಬವಾದ್ದರಿಂದ ಅಜ್ಜನ ಕಾಲದ ಒಂಟಿನಳಿಗೆಯ ತೋಟೆಕೋವಿಯೊಂದು ಈಗಲೂ ಮನೆಯಲ್ಲಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಆದರೆ ಕೋವಿ ಇಟ್ಟುಕೊಳ್ಳಬಹುದೆಂದ ಮಾತ್ರಕ್ಕೆ ಬೇಟೆಯಾಡಬಹುದೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಬಹಳ ವರ್ಷಗಳ ಮೇಲೆ ಹುಟ್ಟಿದವನು ನಾನು; ನನ್ನ ಪಾಲಿಗೆ ಕೋವಿಯೆಂದರೆ ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜಿಸುವ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ವಸ್ತುವಾಗಿತ್ತು. ಅಜ್ಜ ಮರಸು ಕೂರುತ್ತಿದ್ದ, ಅಂದರೆ ಬೇಟೆಗೆ ಮರೆಯಲ್ಲಿ ಕಾದು ಕೂರುತ್ತಿದ್ದ, ಕಥೆಗಳನ್ನು ಕೇಳಿದ್ದೆನೇ ಹೊರತು ಒಂದು ಪ್ರಾಣಿಯನ್ನೂ ಹೊಡೆದವನಲ್ಲ. ಹಾಗಾಗಿ ಮಗಳಿಗೆ ಕಲಿಸುವ ಮೊದಲು ನಾನೇ ಕಲಿಯಬೇಕಿತ್ತು.

ಪ್ರಶ್ನೆ ಹುಟ್ಟಿದ್ದು ನೆರೆಮನೆಯ ಹಿರಿಯರು ಕೊಟ್ಟ ಜಿಂಕೆ ಮಾಂಸದಿಂದ. ಅವರು ಜೀವನವಿಡೀ ಹೈನುಗಾರಿಕೆ ಮಾಡಿ ನಿವೃತ್ತರಾದವರು. ಊಟದ ನಡುವೆ ಮಗಳು, "ಅಪ್ಪ, ಅಂಗಡಿಯ ಕೋಳಿಯನ್ನು ಯಾರೋ ಕೊಂದಿರುತ್ತಾರೆ, ಅವರು ಯಾರು ಅಂತ ನಮಗೆ ಗೊತ್ತಿಲ್ಲ. ಇದನ್ನು ಯಾರು ಕೊಂದರು ಅಂತ ಗೊತ್ತಿದೆ. ನಾನೂ ಹೋಗಬಹುದಾ?" ಎಂದು ಕೇಳಿದಳು. ನಾನು ಕೂಡಲೇ ಹ್ಞೂಂ ಅನ್ನಲಿಲ್ಲ. ನನ್ನ ಹೆಂಡತಿ ಬೆಳೆದದ್ದು ಸಸ್ಯಾಹಾರಿ ಮನೆಯಲ್ಲಿ. ಮದುವೆಯಾದ ಮೇಲೆ ಮನೆಯಲ್ಲಿ ಮಾಂಸ ಬೇಯುವುದಕ್ಕೆ ಆಕೆಯ ಆಕ್ಷೇಪಣೆ ಇರಲಿಲ್ಲವಾದರೂ ಇದು ಬೇರೆಯೇ ಮಾತಾಗಿತ್ತು. "ಒಂದು ಜೀವ ಕಣ್ಣೆದುರು ಸಾಯುವುದನ್ನು ನೋಡಿ ಅವಳಿಗೆ ರಾತ್ರಿ ನಿದ್ದೆ ಬಾರದೇ ಹೋದರೆ ಏನು ಮಾಡುತ್ತೀರಿ?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ವಾರ ಮಾತಾಡಿದ ಮೇಲೆ ಮೂವರೂ ಒಂದು ಒಪ್ಪಂದಕ್ಕೆ ಬಂದೆವು: ತರಗತಿಗೆ ಹೋಗುವುದು, ಗುರಿ ಅಭ್ಯಾಸ ಮಾಡುವುದು, ಕಾಡಿನಲ್ಲಿ ಕೂರುವುದು ಇವೆಲ್ಲ ಆಗಲಿ, ಆದರೆ ಯಾವ ಹಂತದಲ್ಲಿ ಮಗಳು ಬೇಡವೆಂದರೂ ಅಲ್ಲಿಗೇ ನಿಲ್ಲಿಸುವುದು, ಯಾಕೆಂದು ಯಾರೂ ಕೇಳಬಾರದು. ಈ ಒಪ್ಪಂದವನ್ನು ಮಗುವಿನ ಎದುರೇ, ಮಗುವಿಗೆ ಅರ್ಥವಾಗುವ ಮಾತಿನಲ್ಲೇ ಮಾಡಿಕೊಳ್ಳಿರೆಂದು ಎಲ್ಲ ತಂದೆ ತಾಯಂದಿರಿಗೂ ಹೇಳುತ್ತೇನೆ. ಕೊನೆಯವರೆಗೂ ನಮಗೆ ಆಧಾರವಾದದ್ದು ಅದೇ.

ಇನ್ನು ಕಾನೂನಿನ ಮಾತು. ನಾನು ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇನೆ. ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಅಮೆರಿಕದ ಸಂಯುಕ್ತ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಇರುವ ಮುಖ್ಯ ವಿನಾಯಿತಿಯೆಂದರೆ ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು. ಆದ್ದರಿಂದ ಪರವಾನಗಿ ಮೊದಲು, ಕೋವಿ ಆಮೇಲೆ. ಈ ಕ್ರಮ ತಪ್ಪಬಾರದು. ಸ್ನೇಹಿತರು ಗುರಿ ಅಭ್ಯಾಸಕ್ಕೆಂದು ಕರೆದು ತಮ್ಮ ಕೋವಿಯನ್ನು ಕೈಗೆ ಕೊಟ್ಟರೆ ಅದೂ ಹೊಂದಿದಂತೆಯೇ ಆಗಬಹುದು. ಪರವಾನಗಿ ಬರುವವರೆಗೆ ಮುಟ್ಟದಿರುವುದೇ ಕ್ಷೇಮ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ. ಮಗಳು ಇಲ್ಲೇ ಹುಟ್ಟಿದ್ದರಿಂದ ಅವಳಿಗೂ ಅನ್ವಯಿಸಲಿಲ್ಲ, ಆದರೆ ಎಚ್‌-4 (ಅವಲಂಬಿತರ) ವೀಸಾದಲ್ಲಿರುವ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಇಂಥ ವಿಷಯದಲ್ಲಿ ಒಂದು ತಪ್ಪು ಹೆಜ್ಜೆ ವಲಸೆಯ ಕಡತವನ್ನೇ ಕೆಡಿಸಬಲ್ಲದು ಎಂಬ ಹೆದರಿಕೆಯಿಂದ ನಾನು ವಲಸೆ ವಕೀಲರೊಬ್ಬರನ್ನು ಶುಲ್ಕ ಕೊಟ್ಟು ಕೇಳಿದೆ. ಈ ಇಡೀ ಕೆಲಸದಲ್ಲಿ ಅತ್ಯಂತ ನೆಮ್ಮದಿ ಕೊಟ್ಟ ಖರ್ಚು ಅದೇ.

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಪರವಾನಗಿ ಪಡೆಯಲು ಬೇಟೆಗಾರರ ಸುರಕ್ಷತಾ ಶಿಕ್ಷಣದ ಪ್ರಮಾಣಪತ್ರ ತೋರಿಸಬೇಕು. ಹದಿನೆಂಟು ದಾಟಿದವರು ಇದನ್ನು ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದಾದ್ದರಿಂದ ಕೋವಿ ಮುಟ್ಟದೆಯೇ ನನ್ನ ಪ್ರಮಾಣಪತ್ರ ಬಂತು. ಅದರ ಆಧಾರದ ಮೇಲೆ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಖಾತೆಯಲ್ಲಿ ಪರವಾನಗಿ ಕೊಂಡೆ. ಮೊದಲ ಸಲ ಕೊಳ್ಳುವವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯಿದೆ. ಪರವಾನಗಿಯ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮರುವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂಬುದನ್ನು ವೀಸಾದವರು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಅವಧಿ ಮುಗಿದ ಪರವಾನಗಿಯೊಂದಿಗೆ ಮನೆಯಲ್ಲಿ ಕೋವಿ ಉಳಿದರೆ ವಿನಾಯಿತಿಯೂ ಮುಗಿದಂತೆಯೇ.

ಕೋವಿ ಕೊಳ್ಳಲು ಹೋದಾಗ ಮೊದಲ ಅಂಗಡಿಯವರು ಪಾಸ್‌ಪೋರ್ಟ್ ನೋಡಿದ ಕೂಡಲೇ ವೀಸಾದವರಿಗೆ ಮಾರುವುದೇ ಇಲ್ಲವೆಂದು ಕಳುಹಿಸಿಬಿಟ್ಟರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳೆದುರು ಹಾಗೆ ತಿರುಗಿ ಬರಬೇಕಾಗಿ ಬಂದದ್ದು ನನಗೆ ನೋವುಂಟುಮಾಡಿತು. ಇನ್ನೊಂದು ಊರಿನ ಸಣ್ಣ ಅಂಗಡಿಯವರಿಗೆ ನಿಯಮ ಚೆನ್ನಾಗಿ ಗೊತ್ತಿತ್ತು. ಕೋವಿ ಕೊಳ್ಳುವವರು ಅಂಗಡಿಯಲ್ಲಿ ತುಂಬಬೇಕಾದ 4473ನೆಯ ಫಾರಮ್ಮಿನಲ್ಲಿ ವಲಸೆಯೇತರ ಸ್ಥಿತಿಯನ್ನು ಒಪ್ಪಿಕೊಂಡು, ವಿನಾಯಿತಿ ಇದೆಯೆಂದು ಗುರುತಿಸಿ, ಬೇಟೆ ಪರವಾನಗಿಯ ಪ್ರತಿಯನ್ನು ಲಗತ್ತಿಸಬೇಕು ಎಂದು ಅವರೇ ತೋರಿಸಿಕೊಟ್ಟರು. ಪಾಸ್‌ಪೋರ್ಟು, ವೀಸಾ, ಐ-94ರ (ದೇಶದೊಳಗೆ ಬಂದ ದಾಖಲೆಯ) ಮುದ್ರಿತ ಪ್ರತಿ, ಈಗಿನ ವಿಳಾಸವಿರುವ ಚಾಲನಾ ಪರವಾನಗಿ, ಬೇಟೆ ಪರವಾನಗಿ ಇಷ್ಟೂ ನನ್ನ ಬಳಿಯಿದ್ದವು. ವಿಳಾಸ ಬದಲಾಗಿದ್ದರೆ ಚಾಲನಾ ಪರವಾನಗಿಯನ್ನು ಮೊದಲೇ ತಿದ್ದಿಸಿಕೊಂಡು ಹೋಗಿ. ಎಫ್‌ಬಿಐ ಹಿನ್ನೆಲೆ ತಪಾಸಣೆಗೆ ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದಂತೆ; ನನಗೆ ಬಂದದ್ದು 'ವಿಳಂಬ' ಎಂಬ ಉತ್ತರ. ಹೀಗಾದರೆ ಗಾಬರಿಯಾಗಬೇಕಿಲ್ಲ, ಅದು ನಿರಾಕರಣೆಯಲ್ಲ. ಆದರೂ ಫೋನು ಬರುವವರೆಗೆ ನನ್ನ ಮನಸ್ಸು ಕೆಲಸದಲ್ಲಿರಲಿಲ್ಲವೆಂಬುದು ನಿಜ.

ಕೊಂಡದ್ದು .243 ವಿಂಚೆಸ್ಟರ್ ತೋಟೆಯ, ಮಕ್ಕಳ ಅಳತೆಯ ಚಿಕ್ಕ ಹಿಡಿಯಿರುವ ಬೋಲ್ಟ್ ರೈಫಲ್. ದೊಡ್ಡವರ ಕೋವಿಯನ್ನು ಮಗುವಿನ ಹೆಗಲಿಗೆ ಕೊಟ್ಟರೆ ಕಣ್ಣು ಕೋವಿಯ ಮೇಲಿನ ದುರ್ಬೀನಿಗೆ ಸರಿಯಾಗಿ ಹೊಂದುವುದಿಲ್ಲ, ಒದೆತಕ್ಕೆ ಮಗು ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಬೀಳುತ್ತದೆ. ದುರ್ಬೀನು, ಕಿವಿಯ ರಕ್ಷಕ, ಬೀಗದ ಪೆಟ್ಟಿಗೆ, ಕಿತ್ತಳೆ ಬಣ್ಣದ ಉಡುಪು ಎಲ್ಲ ಸೇರಿ ಲೆಕ್ಕ ಸಾವಿರ ಡಾಲರಿನ ಹತ್ತಿರ ಹೋಯಿತು. ತೋಟೆಯನ್ನು ಮಾತ್ರ ಸೀಸದ್ದನ್ನು ಬಿಟ್ಟು ತಾಮ್ರದ್ದನ್ನೇ ಕೊಂಡೆ. ಸೀಸದ ಗುಂಡು ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಹರಡುತ್ತದೆ, ಆ ಮಾಂಸವನ್ನು ತಿನ್ನುವುದು ಬೆಳೆಯುವ ಮಗು. ಬೆಲೆ ಹೆಚ್ಚಾದರೂ ಈ ಒಂದರಲ್ಲಿ ಉಳಿತಾಯ ನೋಡಬೇಡಿ.

ಹತ್ತು ವರ್ಷದ ಮಗುವಿಗೆ ಪ್ರಮಾಣಪತ್ರವೇ ಬೇಕೆಂದಿಲ್ಲ. 2017ರ ತಿದ್ದುಪಡಿಯ ನಂತರ ವಿಸ್ಕಾನ್ಸಿನ್‌ನಲ್ಲಿ ಮಾರ್ಗದರ್ಶಕರ ಜೊತೆಗಿನ ಬೇಟೆಗೆ ಕನಿಷ್ಠ ವಯಸ್ಸೇ ಇಲ್ಲ. ಮಾರ್ಗದರ್ಶಕರು ಹದಿನೆಂಟು ದಾಟಿದವರಾಗಿ, ಆ ವರ್ಷದ ಪರವಾನಗಿ ಹೊಂದಿದವರಾಗಿ, ಮಗುವಿನಿಂದ ಕೈಯಳತೆಯೊಳಗೇ ಇರಬೇಕು. ಆದರೂ ತರಗತಿಯಿಲ್ಲದೆ ಕರೆದೊಯ್ಯಲು ನನ್ನ ಮನಸ್ಸು ಒಪ್ಪಲಿಲ್ಲ. ಶುಲ್ಕ ಹತ್ತೇ ಡಾಲರು. ಸ್ವಯಂಸೇವಕರು ಸಂಜೆ ಹೊತ್ತು ಕಲಿಸುತ್ತಾರೆ. ಸೀಟು ಮಾತ್ರ ಬಲುಬೇಗ ತುಂಬುತ್ತದೆ. ಬೇಸಿಗೆಯ ಕೊನೆಯ ತನಕ ಕಾದರೆ ಎಲ್ಲವೂ ಭರ್ತಿಯಾಗಿರುತ್ತದೆ; ನಮಗೆ ಸಿಕ್ಕಿದ್ದು ಒಂದು ಗಂಟೆ ದೂರದ ಊರಿನಲ್ಲಿ.

ಆ ತರಗತಿಯಲ್ಲಿ ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದ್ದು ನಾಲ್ಕೇ ಮಾತು: ಪ್ರತಿಯೊಂದು ಕೋವಿಯಲ್ಲೂ ತೋಟೆ ಇದೆಯೆಂದೇ ತಿಳಿ, ನಳಿಗೆಯ ಬಾಯಿ ಯಾವಾಗಲೂ ಅಪಾಯವಿಲ್ಲದ ಕಡೆಗಿರಲಿ, ಗುರಿ ಯಾವುದು, ಅದರ ಮುಂದೇನಿದೆ, ಹಿಂದೇನಿದೆ ಎಂಬುದು ಖಚಿತವಾಗಲಿ, ಈಡು ಬಿಡುವ ಕ್ಷಣದವರೆಗೂ ಬೆರಳು ಕೋವಿಯ ಕುದುರೆಯ (ಟ್ರಿಗರಿನ) ಬಳಿ ಸುಳಿಯದಿರಲಿ. ಮನೆಗೆ ಬಂದ ಮೇಲೂ ಮಗಳು ಛತ್ರಿ ಹಿಡಿದು ನಡೆಯುವಾಗ ಅದರ ತುದಿಯನ್ನು ನೆಲದ ಕಡೆಗೆ ತಿರುಗಿಸುತ್ತಿದ್ದಳು. ಯಾರೂ ಹೇಳದೆಯೇ ಅದು ಅವಳ ಕೈಗೆ ಇಳಿದಿತ್ತು. ಅದನ್ನು ಕಂಡ ಮೇಲೆ ನನ್ನ ಹೆಂಡತಿಯ ಆತಂಕ ಸ್ವಲ್ಪ ತಗ್ಗಿತು.

ಅನಿರೀಕ್ಷಿತ ತೊಡಕು ಎದುರಾದದ್ದು ಗುರಿ ಅಭ್ಯಾಸದಲ್ಲಿ. ಚಿಕ್ಕ .22 ಕೋವಿಯಿಂದ ಆರಂಭಿಸಿದ್ದರೂ ಅವಳ ಗುಂಡುಗಳೆಲ್ಲ ಒಂದೇ ಪಕ್ಕಕ್ಕೆ ಹೋಗುತ್ತಿದ್ದವು. ನಾನು ದುರ್ಬೀನನ್ನು ದೂರುತ್ತಿದ್ದೆ, ಅವಳು ತನ್ನನ್ನೇ ದೂರಿಕೊಳ್ಳುತ್ತಿದ್ದಳು. ಮೈದಾನದ ಮೇಲ್ವಿಚಾರಕರು ಬಂದು, ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ ಅದರೊಳಗಿಂದ ತಮ್ಮ ಮೂಗನ್ನು ನೋಡುವಂತೆ ಅವಳಿಗೆ ಹೇಳಿದರು. ಕಿಂಡಿಯಲ್ಲಿ ಅವರಿಗೆ ಕಂಡದ್ದು ಅವಳ ಎಡಗಣ್ಣು. ಬಲಗೈಯವಳಾದರೂ ಅವಳಿಗೆ ಬಲವಾದ ಕಣ್ಣು ಎಡದ್ದು. ರಕ್ಷಣಾ ಕನ್ನಡಕದ ಎಡಗಾಜಿನ ಮೇಲೆ ಮಬ್ಬಾದ ಅಂಟುಪಟ್ಟಿಯ ಒಂದು ತುಂಡು ಹಚ್ಚಿದ ಮೇಲೆ ಗುಂಡುಗಳು ನಡುವಿಗೆ ಬರತೊಡಗಿದವು. ಮಗುವಿನ ಕಣ್ಣಿನ ಈ ಪರೀಕ್ಷೆಯನ್ನು ಕೋವಿ ಕೊಳ್ಳುವ ಮೊದಲೇ ಮನೆಯಲ್ಲೇ ಮಾಡಿಬಿಡಿ. ಎಡಗೈ ಕೋವಿಗಳೂ ಸಿಗುತ್ತವೆ. ಒಂದು ತಟ್ಟೆಯಗಲದ ಗುರಿಗೆ ಪ್ರತಿ ಸಲವೂ ಎಷ್ಟು ದೂರದಿಂದ ಬೀಳುತ್ತದೋ ಅದೇ ಅವಳ ಮಿತಿಯೆಂದು ನಾವು ತೀರ್ಮಾನಿಸಿದೆವು. ಅದು ಎಪ್ಪತ್ತು ಗಜವಾಗಿತ್ತು, ಅದಕ್ಕಿಂತ ಒಂದು ಗಜ ದೂರದ್ದಕ್ಕೂ ಕೋವಿ ಎತ್ತುವುದಿಲ್ಲವೆಂದು ಮಾತಾಯಿತು.

ನೆರೆಮನೆಯ ಹಿರಿಯರ ತಮ್ಮನ ಜಮೀನು ಡಾಜ್‌ವಿಲ್ ಸಮೀಪದ ಗುಡ್ಡಗಾಡಿನಲ್ಲಿದೆ. ಪಶ್ಚಿಮ ವಿಸ್ಕಾನ್ಸಿನ್‌ನ ಈ ಭಾಗ ಹಿಮಯುಗದ ನೀರ್ಗಲ್ಲುಗಳು ಹಾಯದೆ ಬಿಟ್ಟ ಪ್ರದೇಶವಾದ್ದರಿಂದ ಕಣಿವೆ, ದಿಬ್ಬಗಳಿಂದ ತುಂಬಿ ನಮ್ಮೂರಿನ ಹಾಗೇ ಏರುಪೇರಾಗಿದೆ. ಅನುಮತಿ ಕೇಳಲು ಮಗಳನ್ನೂ ಕರೆದುಕೊಂಡು ಹೋದೆ, ಅವಳ ಬಾಯಿಂದಲೇ ಕೇಳಿಸಿದೆ. ಅವರು ಎಲ್ಲಿ ಕೂರಬೇಕು, ಹಸುಗಳು ಎಲ್ಲಿ ಮೇಯುತ್ತವೆ, ಯಾವ ದಿಕ್ಕಿನಲ್ಲಿ ಮನೆಗಳಿವೆ ಎಂಬುದನ್ನೆಲ್ಲ ನಡೆದು ತೋರಿಸಿದರು.

ಹದಿನೈದು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆಂದೇ ಅಕ್ಟೋಬರಿನಲ್ಲಿ ಒಂದು ವಾರಾಂತ್ಯವನ್ನು ರಾಜ್ಯ ಮೀಸಲಿಟ್ಟಿದೆ. ನವೆಂಬರಿನ ಒಂಬತ್ತು ದಿನಗಳ ದೊಡ್ಡ ಬೇಟೆಯ ಗದ್ದಲವೂ ಚಳಿಯೂ ಆಗ ಇರುವುದಿಲ್ಲ. ಸೊಂಟದಿಂದ ಮೇಲಿನ ಉಡುಪಿನಲ್ಲಿ ಕನಿಷ್ಠ ಅರ್ಧ ಭಾಗ ಹೊಳೆಯುವ ಕಿತ್ತಳೆ ಅಥವಾ ಹೊಳೆಯುವ ಗುಲಾಬಿ ಬಣ್ಣವಿರಬೇಕೆಂಬುದು ನಿಯಮ. ಮಗಳು ಗುಲಾಬಿಯನ್ನು ಆರಿಸಿಕೊಂಡಳು.

ಮೊದಲ ದಿನ ಬೆಳಕು ಹರಿಯುವ ಮೊದಲೇ ಗುಡಾರದಲ್ಲಿ ಕೂತೆವು. ಹತ್ತು ವರ್ಷದ ಮಗು ಅಲುಗಾಡದೆ ಎಷ್ಟು ಹೊತ್ತು ಕೂರಬಲ್ಲುದು ಎಂಬ ಚಿಂತೆ ನನಗಿತ್ತು. ಬಿಸಿ ಹಾಲು, ಚಕ್ಕುಲಿ, ಒಂದು ಪುಸ್ತಕ, ಕೈಬೆಚ್ಚಗಿಡುವ ಪೊಟ್ಟಣ ಇವುಗಳಿಂದ ಬೆಳಗು ಸಾಗಿತು. ಚಕ್ಕುಲಿಯನ್ನು ಮಾತ್ರ ಒಯ್ಯಬೇಡಿ, ಕಡಿಯುವ ಸದ್ದು ಆ ಮೌನದಲ್ಲಿ ಬಹು ದೂರ ಕೇಳುತ್ತದೆ. ಸಂಜೆಯ ಹೊತ್ತಿಗೆ ದಿಬ್ಬದ ನೆತ್ತಿಯ ಮೇಲೆ ಕೊಂಬಿನ ಗಂಡು ಜಿಂಕೆಯೊಂದು ಬಂದು ನಿಂತಿತು. ದೂರ ಮಿತಿಯೊಳಗೇ ಇತ್ತು, ನಿಲುವು ಅಡ್ಡಲಾಗಿತ್ತು. ನನ್ನ ಎದೆ ಜೋರಾಗಿ ಬಡಿಯುತ್ತಿತ್ತು. ಮಗಳು ದುರ್ಬೀನಿನಲ್ಲಿ ನೋಡುತ್ತ ಪಿಸುಗುಟ್ಟಿದಳು: "ಹಿಂದೆ ಬರೀ ಆಕಾಶ ಕಾಣ್ತಾ ಇದೆ ಅಪ್ಪ. ಗುಂಡು ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ." ಕೋವಿಯನ್ನು ಮೆಲ್ಲಗೆ ಕೆಳಗಿಳಿಸಿದಳು. ಜಿಂಕೆ ದಿಬ್ಬದಾಚೆಗೆ ಇಳಿದುಹೋಯಿತು. ಮನೆಗೆ ಬಂದ ಮೇಲೆ ಇದನ್ನು ಕೇಳಿ ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ನನಗೆ ಈ ವರ್ಷದ ಬೇಟೆ ಅಲ್ಲಿಗೇ ಮುಗಿದಿದ್ದರೂ ಪೂರ್ಣ ತೃಪ್ತಿಯಿರುತ್ತಿತ್ತು. ತರಗತಿಯಿಂದ ಹಿಡಿದು ಅಭ್ಯಾಸದವರೆಗೆ ನಾವು ಪಟ್ಟ ಶ್ರಮವೆಲ್ಲ ಆ ಒಂದು ತೀರ್ಮಾನಕ್ಕಾಗಿಯೇ ಇತ್ತೆಂದು ನಾನು ನಂಬುತ್ತೇನೆ.

ಮರುದಿನ ಬೆಳಿಗ್ಗೆ ಕಣಿವೆಯ ಅಂಚಿನಲ್ಲಿ ಒಂದು ಹೆಣ್ಣು ಜಿಂಕೆ ಬಂತು. ಹಿಂದೆ ಮಣ್ಣಿನ ಏರು ಇತ್ತು, ಜೊತೆಯಲ್ಲಿ ಮರಿಯಿರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು, "ನಿನಗೆ ಬಿಟ್ಟದ್ದು ಮಗಳೇ" ಎಂದೆ. ಉಸಿರು ಎಳೆದು, ಅರ್ಧ ಬಿಟ್ಟು, ಈಡು ಬಿಟ್ಟಳು. ಜಿಂಕೆ ನೆಗೆದು ಪೊದೆಯೊಳಗೆ ಮರೆಯಾಯಿತು. ಆಮೇಲಿನ ಅರ್ಧ ಗಂಟೆ ನಮ್ಮಿಬ್ಬರಿಗೂ ಅತ್ಯಂತ ಕಷ್ಟದ್ದಾಗಿತ್ತು. ಕೂಡಲೇ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಮತ್ತೂ ದೂರ ಓಡಿ ನರಳುತ್ತದೆಂದು ಕಾಯಬೇಕು, ಕಾಯುವಾಗ ಮಗಳು, "ಅದಕ್ಕೆ ಈಗ ನೋಯ್ತಾ ಇರುತ್ತಾ?" ಎಂದು ಕೇಳಿ ಅಳತೊಡಗಿದಳು. ಗೊತ್ತಿಲ್ಲ, ಬೇಗ ಮುಗಿದಿರಬೇಕು, ಹೋಗಿ ನೋಡೋಣ ಎಂದು ಇದ್ದದ್ದನ್ನೇ ಹೇಳಿದೆ. ಇಂಥ ಹೊತ್ತಿನಲ್ಲಿ ನೋವೇ ಆಗುವುದಿಲ್ಲವೆಂದು ಸಮಾಧಾನ ಮಾಡಬೇಡಿ. ಮಗು ಅದನ್ನು ನಂಬುವುದಿಲ್ಲ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ಹಿರಿಯರು ಬಂದು ರಕ್ತದ ಜಾಡು ಹಿಡಿಯುವುದನ್ನು ಅವಳಿಗೇ ಕಲಿಸಿದರು. ಓಕ್ ಮರದ ಒಣ ಎಲೆಗಳ ಮೇಲೆ ಒಂದೊಂದು ಹನಿಯನ್ನೂ ಹುಡುಕಿ, ಕಂಡಲ್ಲೆಲ್ಲ ಕಾಗದದ ಚೂರು ಇಡುತ್ತ ಅವಳೇ ಮುಂದೆ ನಡೆದಳು. ಐವತ್ತು ಹೆಜ್ಜೆ ಆಚೆ ಜಿಂಕೆ ಸತ್ತು ಬಿದ್ದಿತ್ತು. ಅದರ ಕುತ್ತಿಗೆಯ ಮೇಲೆ ಕೈಯಿಟ್ಟು, "ಇನ್ನೂ ಬೆಚ್ಚಗಿದೆ" ಎಂದಳು. ಹೊಟ್ಟೆ ಬಗೆಯುವಾಗ ದೂರ ಹೋಗಬಹುದೆಂದರೂ ಹೋಗದೆ ಕಾಲು ಹಿಡಿದುಕೊಂಡು ನಿಂತಳು. ಅಕ್ಟೋಬರಿನ ಬಿಸಿಲಿಗೆ ಮಾಂಸ ಬೇಗ ಕೆಡುವುದರಿಂದ ಐಸಿನ ಚೀಲಗಳನ್ನು ಮೊದಲೇ ತಂದಿಟ್ಟುಕೊಂಡಿರಬೇಕು.

ಹೊಡೆದ ಜಿಂಕೆಯನ್ನು ಮರುದಿನ ಸಂಜೆ ಐದರೊಳಗೆ ಫೋನಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೋಂದಾಯಿಸಬೇಕು. ಅದು ಕೆಲವೇ ನಿಮಿಷದ ಕೆಲಸ. ದೊಡ್ಡ ಕಾಯುವಿಕೆ ಮುಂದಿತ್ತು. ಜಿಂಕೆಗಳ ಮಿದುಳನ್ನು ಹಾಳುಮಾಡುವ, ಔಷಧವಿಲ್ಲದ ಸಿಡಬ್ಲ್ಯುಡಿ ಎಂಬ ಕಾಯಿಲೆ ವಿಸ್ಕಾನ್ಸಿನ್‌ನಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಾವು ಬೇಟೆಯಾಡಿದ ಜಾಗಕ್ಕೆ ಬಹಳ ದೂರವಿಲ್ಲದ ಮೌಂಟ್ ಹೊರೆಬ್ ಬಳಿ. ಮನುಷ್ಯರಿಗೆ ತಗುಲಿದ್ದು ಇದುವರೆಗೆ ದೃಢಪಟ್ಟಿಲ್ಲವಾದರೂ ಸೋಂಕಿದ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಆರೋಗ್ಯ ಇಲಾಖೆಗಳ ಸಲಹೆ. ಪರೀಕ್ಷೆ ಉಚಿತ. ಕತ್ತಿನ ಸ್ವಲ್ಪ ಭಾಗ ಸೇರಿದಂತೆ ತಲೆಯನ್ನು ಚೀಲದಲ್ಲಿ ಕಟ್ಟಿ, ಚೀಟಿ ತುಂಬಿ, ದಿನದ ಯಾವ ಹೊತ್ತಿನಲ್ಲೂ ತೆರೆದಿರುವ ಸಂಗ್ರಹ ಪೆಟ್ಟಿಗೆಯಲ್ಲಿ ಹಾಕಿ ಬರಬೇಕು. ಮಾಂಸ ಕತ್ತರಿಸುವವರಿಗೆ ನಮ್ಮ ಜಿಂಕೆಯನ್ನು ಬೇರೆಯವರದರೊಂದಿಗೆ ಬೆರೆಸಬೇಡಿರೆಂದು ಬರೆದೇ ಕೊಟ್ಟೆ. ವರದಿ ಬರುವ ತನಕ ಪೊಟ್ಟಣಗಳು ಫ್ರೀಜರಿನಲ್ಲಿ ಹಾಗೇ ಇದ್ದವು. ಸೋಂಕಿದೆಯೆಂದು ಬಂದರೆ ಎಲ್ಲವನ್ನೂ ಎಸೆಯಬೇಕಾಗುತ್ತದೆ ಎಂದು ಮಗಳಿಗೆ ಮೊದಲೇ ಹೇಳಿದ್ದೆ. ಅವಳು ಶಾಲೆಯಿಂದ ಬಂದ ಕೂಡಲೇ ಕೇಳುತ್ತಿದ್ದ ಮಾತು ಅದೊಂದೇ ಆಗಿತ್ತು. ಸುಮ್ಮನೆ ಕೊಂದಂತಾಗಬಾರದು ಎಂಬ ಸಂಕಟ ಅವಳದು. ಊರಿನಿಂದ ನನ್ನ ಅವ್ವನೂ ಫೋನು ಮಾಡಿದಾಗಲೆಲ್ಲ ವರದಿಯನ್ನೇ ವಿಚಾರಿಸುತ್ತಿದ್ದರು.

ಸೋಂಕಿಲ್ಲವೆಂಬ ವರದಿ ಬಂದ ದಿನ ಮಡಿಕೇರಿಯಿಂದ ತಂದಿಟ್ಟಿದ್ದ ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ, ಕಾಳುಮೆಣಸು ಹುರಿದು ಪುಡಿ ಮಾಡಿ ಸಾರು ಮಾಡಿದೆ; ಜೊತೆಗೆ ಅಕ್ಕಿ ರೊಟ್ಟಿ. ಜಿಂಕೆ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆಯಾದ್ದರಿಂದ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಬೇಕು, ಅವಸರ ಮಾಡಿದರೆ ನಾರಾಗುತ್ತದೆ. ನೆರೆಮನೆಗೂ ಜಮೀನಿನವರಿಗೂ ಪಾಲು ಹೋಯಿತು, ಡಬ್ಬಿಗಳನ್ನು ಮಗಳೇ ಕೊಟ್ಟುಬಂದಳು. ನನ್ನ ಹೆಂಡತಿ ತಿನ್ನಲಿಲ್ಲ, ಆದರೆ ನಮ್ಮ ಜೊತೆಯಲ್ಲೇ ಊಟಕ್ಕೆ ಕೂತಳು. ಮಗಳ ನಿದ್ದೆಯ ವಿಷಯ ಕೇಳುವವರಿಗಾಗಿ ಹೇಳುತ್ತೇನೆ: ಮೊದಲೆರಡು ರಾತ್ರಿ ಅವಳು ನಮ್ಮ ಕೋಣೆಗೆ ಬಂದು ಮಲಗಿದಳು, ಜಿಂಕೆಯ ಕಣ್ಣಿನ ಬಗ್ಗೆ ಮಾತಾಡಿದಳು. ನಾವು ಕೇಳಿಸಿಕೊಂಡೆವು. ಆಮೇಲೆ ತನ್ನ ಕೋಣೆಗೆ ತಾನೇ ಮರಳಿದಳು.

ಮುಂದಿನ ವರ್ಷ ಕಾಡಿನಲ್ಲಿ ಕೂರಲು ಬರುತ್ತೇನೆ, ಕೋವಿ ಎತ್ತುವುದನ್ನು ಇನ್ನೂ ಯೋಚಿಸಬೇಕು ಎಂದಿದ್ದಾಳೆ. ಒಪ್ಪಂದದಂತೆ ನಾನು ಯಾಕೆಂದು ಕೇಳಿಲ್ಲ. ನನ್ನ ಪರವಾನಗಿಯನ್ನಂತೂ ಮಾರ್ಚ್ 31ಕ್ಕೆ ಮೊದಲೇ ಹೊಸ ವರ್ಷಕ್ಕೆ ಕೊಂಡುಕೊಳ್ಳಬೇಕು. ಮಕ್ಕಳ ತರಗತಿಯ ಸೀಟುಗಳನ್ನು ಹುಡುಕುವವರು ಅದೇ ಹೊತ್ತಿಗೆ, ಹಿಮ ಕರಗುವ ಮೊದಲೇ, ಹುಡುಕಲು ಶುರುಮಾಡುವುದು ಒಳ್ಳೆಯದು.